ಮೂರನೇ ದೋಣಿಯ ಖಾಲಿ ಜಾಗ

ಔಟಿಂಗ್‌ಗೆ ಹೊರಡುವ ಹಿಂದಿನ ದಿನ ಆಫೀಸಿನ ಕಾಫಿ ಮೆಷಿನ್ ಪಕ್ಕದ ಬೋರ್ಡಿನಲ್ಲಿ ದೋಣಿ ಸ್ಪರ್ಧೆಯ ಪಟ್ಟಿ ಅಂಟಿಸಿದ್ದರು. ಮೂರನೇ ದೋಣಿಗೆ ಎರಡು ಹೆಸರು: ಅವಳದು, ಅವನದು. ಅವನ ಹೆಸರಿನ ಮೇಲೆ ಪೆನ್ನಿನಿಂದ ಗೆರೆ ಎಳೆದಿತ್ತು.

"ಇದನ್ನ ಯಾರು ಹೊಡೆದುಹಾಕಿದ್ದು?" ಅವಳು ಕೇಳಿದಳು.

"ಅವರೇ ಬಂದು ತೆಗೀರಿ ಅಂದ್ರು," ಎಂದರು ಎಚ್‌ಆರ್‌ನವರು, ಟಿ-ಶರ್ಟ್‌ಗಳನ್ನು ಸೈಜ್ ನೋಡಿ ಜೋಡಿಸುತ್ತಾ. "ಮೂರನೇ ದೋಣಿ ಬೇಡವಂತೆ."

ಅವಳು ಏನೂ ಆಗದವಳಂತೆ ಕಪ್ ತುಂಬಿಸಿಕೊಂಡಳು. ಸಕ್ಕರೆ ಹಾಕಲು ಮರೆತಳು. ಆ ಕಹಿಯನ್ನು ಕೊನೆಯ ಗುಟುಕಿನವರೆಗೂ ಕುಡಿದಳು.

ಆ ಪಬ್ಲಿಕ್ ರಿಲೇಶನ್ಸ್ ಏಜೆನ್ಸಿಯಲ್ಲಿ ಕಂಪನಿಗಳ ಪರವಾಗಿ ಪತ್ರಿಕಾ ಪ್ರಕಟಣೆ ಬರೆಯುವುದು ಅವಳ ಕೆಲಸ. ಐದು ವರ್ಷದಿಂದ ಯಾರ್ಯಾರದೋ ಸಂತೋಷ, ಹೆಮ್ಮೆ, ವಿಷಾದಗಳನ್ನು ಅವರವರ ಬಾಯಿಗೆ ಒಪ್ಪುವಂತೆ ಬರೆದುಕೊಟ್ಟಿದ್ದಳು. ತನ್ನ ಮಾತಿನ ಸರದಿ ಬಂದಾಗ ಮಾತ್ರ ಅರ್ಧಕ್ಕೇ ನಿಂತುಬಿಡುತ್ತಿದ್ದಳು. ಅದಕ್ಕೇ ಆಫೀಸಿನಲ್ಲಿ ಅವಳಿಗೆ ‘ಅಲ್ಪವಿರಾಮ’ ಅಂತ ಹೆಸರು ಬಿದ್ದಿತ್ತು.

ಅವನು ಹತ್ತು ವರ್ಷ ದಿನಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದು, ಆರು ತಿಂಗಳ ಹಿಂದೆ ಇಲ್ಲಿಗೆ ಬಂದು ಅವಳ ಎದುರಿನ ಮೇಜಿನಲ್ಲಿ ಕೂತವನು. ಎಲ್ಲರೂ ಅವನನ್ನು ‘ಸಂಪಾದಕರು’ ಅಂತ ರೇಗಿಸುತ್ತಿದ್ದರು. ಅವಳ ಡ್ರಾಫ್ಟ್ ಓದಿ, ಒಂದೇ ಒಂದು ಪದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಮಾತಿಲ್ಲದೆ ವಾಪಸ್ ಇಡುತ್ತಿದ್ದ.

"ಇದರಲ್ಲೇನು ತಪ್ಪು?"

"ತಪ್ಪು ಅಂತ ನಾನೆಲ್ಲಿ ಹೇಳ್ದೆ?"

ಅವಳು ಆ ಪದವನ್ನು ದಿಟ್ಟಿಸುತ್ತಿದ್ದಳು, ಅವನು ಕಂಪ್ಯೂಟರಿನ ಮೇಲಿಂದ ಅವಳನ್ನು. ಅವಳು ತಲೆ ಎತ್ತುವಷ್ಟರಲ್ಲಿ ಅವನ ಕಣ್ಣು ಕೀಬೋರ್ಡಿಗೆ ಇಳಿದಿರುತ್ತಿತ್ತು. ತುಟಿಯಂಚಿನ ನಗು ಮಾತ್ರ ಓಡಿಹೋಗಲು ಪುರುಸೊತ್ತಿಲ್ಲದೆ ಸಿಕ್ಕಿಬೀಳುತ್ತಿತ್ತು. ಆ ನಗುವಿಗಾಗಿಯೇ ಅವಳು ಕೆಲವು ಸಲ ಬೇಕೆಂದೇ ಒಂದು ಸಪ್ಪೆ ಪದವನ್ನು ಉಳಿಸುತ್ತಿದ್ದಳು.

ಅಂಥವನು ಒಂದು ಗಂಟೆ ತನ್ನ ಪಕ್ಕ ದೋಣಿಯಲ್ಲಿ ಕೂರಲು ಒಲ್ಲೆ ಅಂದಿದ್ದ.

"ಕೋಪಾನಾ?" ಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕ ಕೇಳಿದಳು.

"ಹೂಂ."

"ನಿನ್ನ ಕೋಪ ಹತ್ತು ನಿಮಿಷದಲ್ಲಿ ಇಳಿಯುತ್ತೆ. ಸಂಜೆಯಿಂದ ಮುಖ ಊದಿಸ್ಕೊಂಡಿದ್ದೀಯ. ಇದು ಕೋಪ ಅಲ್ಲ ಕಣೇ."

ಅವಳು ಒಂದೇ ಟವೆಲನ್ನು ಎರಡು ಸಲ ಬ್ಯಾಗಿಗೆ ತುರುಕಿದಳು.

ಮರುದಿನ ಕೆರೆಯ ದಡದಲ್ಲಿ ಹಳದಿ ಟಿ-ಶರ್ಟಿನ ನಲವತ್ತು ಜನ ಗದ್ದಲ ಮಾಡುತ್ತಿದ್ದರು. ಅವನು ಎಲ್ಲರಿಂದ ದೂರ, ಮರದ ಬೆಂಚಿನ ಮೇಲೆ ಸ್ಕೋರ್ ಬರೆಯುವ ಕೆಲಸ ಹಿಡಿದು ಕೂತಿದ್ದ. ಅವಳು ಲೈಫ್ ಜಾಕೆಟ್‌ನ ಬಕಲ್ ಹಾಕಿಕೊಳ್ಳುತ್ತಿರುವಾಗ ಏಜೆನ್ಸಿಯ ಒಡತಿ ಫೋನ್ ಹಿಡಿದು ಬಂದರು. ಎಲ್ಲರಿಗೂ ಅವರು ಮೇಡಂ.

"ನೀನು, ಸಂಪಾದಕರು, ಇಬ್ಬರೂ ಬನ್ನಿ. ಆಟಿಕೆ ಕಂಪನಿ."

ಅದು ಅವರ ಅತಿ ದೊಡ್ಡ ಕ್ಲೈಂಟ್. ಆ ಕಂಪನಿಯ ಹೊಸ ಮೂರು ಗಾಲಿ ಸೈಕಲ್‌ನ ಮುಂದಿನ ಚಕ್ರ ಓಡುವಾಗಲೇ ಕಳಚಿಕೊಂಡಿತ್ತು. ಒಂದು ಮಗುವಿನ ಮೊಣಕೈ ತರಚಿತ್ತು. ಬೆಳಿಗ್ಗೆಯಿಂದ ಅಂಥ ಮೂರು ವಿಡಿಯೊಗಳು ಊರೆಲ್ಲ ಹರಿದಾಡುತ್ತಿದ್ದವು. ‘ಮಕ್ಕಳು ಒರಟಾಗಿ ಓಡಿಸಿದ್ದೇ ಕಾರಣ’ ಎಂಬ ಪ್ರಕಟಣೆ ಮಧ್ಯಾಹ್ನ ಮೂರು ಗಂಟೆಯೊಳಗೆ ಹೊರಬೀಳಬೇಕು ಎಂದು ಕಂಪನಿಯ ಮಾಲೀಕರ ಹಟ.

ದಡದಲ್ಲಿ ದೋಣಿ ಇಡುವ ಶೆಡ್ಡಿನೊಳಗೆ ಅವನು ಬೆಂಚಿನ ಮೇಲೆ ಕೂತ, ಹುಟ್ಟುಗಳನ್ನು ಒರಗಿಸಿಟ್ಟ ಗೋಡೆಯ ಪಕ್ಕ ಅವಳು ಲ್ಯಾಪ್‌ಟಾಪ್ ತೆರೆದಳು. ಎರಡು ಸಾಲು ಬರೆದಳು. ಅಳಿಸಿದಳು.

"ನೀವು ಈಗಲೂ ವರದಿಗಾರರಾಗಿದ್ದಿದ್ರೆ ಇದನ್ನ ಓದಿ ಏನ್ ಕೇಳ್ತಿದ್ರಿ?" ಎಂದಳು, ಅವನ ಮುಖ ನೋಡದೆ.

"ಮೂರು ವರ್ಷದ ಮಗು ಎಷ್ಟು ಒರಟಾಗಿ ಓಡಿಸೋಕಾಗುತ್ತೆ ಅಂತ."

ಅವಳು ಕೀಬೋರ್ಡಿನಿಂದ ಬೆರಳು ತೆಗೆದಳು. "ನಾನಿದನ್ನ ಬರೆಯಲ್ಲ."

ಮೇಡಂ ಹುಬ್ಬು ಗಂಟಿಕ್ಕಿದರು. "ಕ್ಲೈಂಟ್ ಕೈತಪ್ಪಿದ್ರೆ?"

"ಅವರ ಹತ್ರ ನಾನೇ ಮಾತಾಡ್ತೀನಿ ಮೇಡಂ. ಒಪ್ಪಲಿಲ್ಲ ಅಂದ್ರೆ ಈ ಕೆಲಸದಿಂದ ನನ್ನ ತೆಗೆದುಬಿಡಿ."

"ನನ್ನನ್ನೂ," ಎಂದ ಅವನು. ಬೆಂಚಿನ ಮೇಲೆ ಇಷ್ಟೇ ಇಷ್ಟು ಸರಿದು ಅವಳಿಗೆ ಜಾಗ ಮಾಡಿದ. ಮೇಡಂ ಒಬ್ಬರಾದ ಮೇಲೊಬ್ಬರನ್ನು ನೋಡಿ ಫೋನ್ ಅವಳ ಕೈಗಿಟ್ಟರು.

ಮಾಲೀಕರು ವಯಸ್ಸಾದವರು, ಸಣ್ಣ ಗ್ಯಾರೇಜಿನಲ್ಲಿ ಮರದ ಕುದುರೆ ಮಾಡುತ್ತಾ ಮೇಲೆ ಬಂದವರು. ಎರಡು ನಿಮಿಷ ಒಂದೇ ಉಸಿರಿಗೆ ಕೂಗಾಡಿದರು. ಅವಳು ಎಂದಿನಂತೆ ಬಾಯಿ ತೆರೆದು ಅರ್ಧಕ್ಕೇ ನಿಂತಳು. ಪಕ್ಕದಲ್ಲಿ ಅವನು ಹಾಳೆಯ ಮೇಲೆ ಏನೋ ಗೀಚಿ ಅವಳತ್ತ ತಿರುಗಿಸಿದ: ನಿಧಾನ, ಸಮಯವಿದೆ.

"ಸರ್," ಎಂದಳು. ನಿಂತಳು. ಮತ್ತೆ ಎಂದಳು, "ಸರ್, ನಿಮ್ಮ ಮನೇಲಿ ಮೊಮ್ಮಗಳು ಇದ್ದಾಳಲ್ವಾ? ಅವಳು ಯಾವ ಸೈಕಲ್ ಓಡಿಸ್ತಾಳೆ?"

"ನಮ್ಮದೇ. ಇದೇ ಸೈಕಲ್. ಯಾಕೆ?"

"ಇವತ್ತು ಬೆಳಿಗ್ಗೆ ಓಡಿಸಿದ್ಲಾ?"

ಕೆರೆಯಲ್ಲಿ ಯಾರೋ ಸೀಟಿ ಊದಿದರು.

"ಇಲ್ಲ," ಎಂದರು ಮಾಲೀಕರು ಕೊನೆಗೆ. ದನಿ ಪೂರಾ ಇಳಿದಿತ್ತು. "ಅಟ್ಟದ ಮೇಲೆ ಎತ್ತಿಟ್ಟಿದ್ದೀನಮ್ಮ."

"ಹಾಗಾದ್ರೆ ಬೇರೆಯವರ ಮನೇಲೂ ಎತ್ತಿಡೋಕೆ ಹೇಳೋಣ ಸರ್. ನೀವೇ ಹೇಳಿ."

"ಬರೀಮ್ಮ," ಎಂದರು ಅವರು. "ಅಟ್ಟದ ವಿಷಯಾನೂ ಬರಿ."

ಇಬ್ಬರೂ ಸೇರಿ ಏಳು ಸಾಲು ಬರೆದರು. ತಪ್ಪು ನಮ್ಮದು. ಸೈಕಲ್ ಓಡಿಸಬೇಡಿ. ನನ್ನ ಮೊಮ್ಮಗಳ ಸೈಕಲ್ಲನ್ನೂ ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ. ನಮ್ಮವರೇ ಮನೆಗೆ ಬಂದು ಒಯ್ಯುತ್ತಾರೆ. ಅವನು ಪತ್ರಿಕೆಗಳಲ್ಲಿದ್ದ ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿದ. ಒಬ್ಬೊಬ್ಬರ ಪ್ರಶ್ನೆಗೂ ನೇರ ಉತ್ತರ ಕೊಟ್ಟ. ಮೂರಕ್ಕೆ ಹತ್ತು ನಿಮಿಷವಿರುವಾಗ ಪ್ರಕಟಣೆ ಹೊರಬಿತ್ತು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಮೇಡಂ ದಡದುದ್ದಕ್ಕೂ ಫೋನ್ ನೋಡುತ್ತಾ ಅಡ್ಡಾಡುತ್ತಿದ್ದರು. ಇವರಿಬ್ಬರೂ ಬೆಂಚಿನ ಮೇಲೆ ಸುಮ್ಮನೆ ಕೂತರು.

"ದೋಣಿಗೆ ಯಾಕೆ ಬರಲ್ಲ ಅಂದ್ರಿ?" ಅವಳು ಕೇಳಿಯೇಬಿಟ್ಟಳು.

ಅವನ ಕಿವಿ ಕೆಂಪಾಯಿತು. "ನನಗೆ ನೀರು ಅಂದ್ರೆ ಭಯ. ಚಿಕ್ಕಂದಿನಿಂದ. ದೋಣಿ ಅಲುಗಾಡಿದ್ರೆ ಕೂಗಿಬಿಡ್ತೀನಿ."

"ಅಷ್ಟೇನಾ?"

"ಅಷ್ಟೇ ಅಂದ್ರೆ? ಬೇರೆ ಯಾರ ಮುಂದಾದ್ರೂ ಕೂಗ್ತಿದ್ದೆ. ನಿಮ್ಮ ಮುಂದೆ ಕೂಗೋಕೆ ಮನಸ್ಸಾಗಲಿಲ್ಲ."

ಅವಳಿಗೆ ನಗು ಉಕ್ಕಿತು. ಇಡೀ ರಾತ್ರಿ ಎದೆಯೊಳಗೆ ಕೂತಿದ್ದ ಕಲ್ಲು ಆ ನಗುವಿಗೇ ಕರಗಿಹೋಯಿತು. ಅವನೂ ನಕ್ಕ, ಈ ಸಲ ಬಚ್ಚಿಡದೆ.

ಆಗ ಮೇಡಂ ಓಡುತ್ತಾ ಬಂದರು. ಅವರು ಓಡಿದ್ದನ್ನು ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲ. ಮೊಣಕೈ ತರಚಿಕೊಂಡ ಮಗುವಿನ ತಾಯಿ ಪ್ರಕಟಣೆಯನ್ನು ಹಂಚಿಕೊಂಡು ಬರೆದಿದ್ದಳು: ‘ತಪ್ಪು ನಮ್ಮದು ಅಂತ ಒಂದು ಕಂಪನಿ ಹೇಳಿದ್ದನ್ನು ಇವತ್ತೇ ನೋಡಿದ್ದು. ಇವರ ಮೇಲಿನ ನಂಬಿಕೆ ನನಗೆ ಹೋಗಿಲ್ಲ.’ ಸಾವಿರಾರು ಜನ ಅದನ್ನೇ ಮುಂದಕ್ಕೆ ಕಳಿಸುತ್ತಿದ್ದರು. ಮಾಲೀಕರು ಫೋನ್‌ನಲ್ಲಿ ಅತ್ತೇಬಿಟ್ಟಿದ್ದರಂತೆ.

"ಇನ್ನು ಮೇಲೆ ಆ ಕ್ಲೈಂಟ್ ಪೂರ್ತಿ ನಿನ್ನ ಜವಾಬ್ದಾರಿ," ಎಂದರು ಮೇಡಂ ಅವಳ ಭುಜ ಹಿಡಿದು. "ನಿನ್ನನ್ನೇ ಕೇಳಿದ್ದಾರೆ."

ಸುದ್ದಿ ದಡದುದ್ದಕ್ಕೂ ಹಬ್ಬಿತು. ಒದ್ದೆ ಟಿ-ಶರ್ಟಿನವರು ಚಪ್ಪಾಳೆ ತಟ್ಟುತ್ತಾ ಸುತ್ತ ನೆರೆದರು, ಯಾರೋ ಅವಳ ತಲೆಯ ಮೇಲೆ ಒಂದು ಬಾಟಲಿ ನೀರು ಸುರಿದರು. ಆ ಗದ್ದಲದ ನಡುವೆ ಅವಳು ಅವನನ್ನು ಹುಡುಕಿದಳು. ಅವನು ಗುಂಪಿನ ಹೊರಗೆ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ.

ಅವಳು ಜನರನ್ನು ಸರಿಸಿಕೊಂಡು ನೇರವಾಗಿ ಅವನೆದುರು ಹೋಗಿ ನಿಂತಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನನಗೆ ನೀವಂದ್ರೆ ತುಂಬಾ ಇಷ್ಟ. ಆಫೀಸಿನ ಇಷ್ಟ ಅಲ್ಲ. ಮನೆಗೆ ಕರ್ಕೊಂಡು ಹೋಗಿ ಅಕ್ಕನಿಗೆ ತೋರಿಸೋವಂಥ ಇಷ್ಟ."

ಹತ್ತಿರವಿದ್ದವರ ಚಪ್ಪಾಳೆ ನಿಂತಿತು. ಅವನು ಕಣ್ಣು ಕೀಳದೆ ಅವಳನ್ನೇ ನೋಡಿದ.

"ಇನ್ನೊಂದ್ಸಲ ಹೇಳು," ಎಂದ.

ಆರು ತಿಂಗಳಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಮಾತಾಡಿಸಿದ್ದ. ಅದು ಅವಳಿಗೆ ಮೈಯೆಲ್ಲ ಕೇಳಿಸಿತು.

"ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕೇ."

ಅವಳು ಅವನ ಕೈ ಹಿಡಿದುಕೊಂಡು ಮತ್ತೆ ಹೇಳಿದಳು, ಹಿಂದೆ ನಿಂತವರಿಗೂ ಕೇಳುವಂತೆ.