ತೊಮೊಬಿಕಿ ದಿನದ ಫಲಕ

ನಂಬುವುದಾದರೆ ನಂಬಿ, ಬಿಟ್ಟರೆ ನನಗೇನೂ ನಷ್ಟವಿಲ್ಲ. ನಗೋಯಾದ ಆ ಶವಸಂಸ್ಕಾರ ಭವನದಲ್ಲಿ ಹೆಣ ಸಾಗಿಸುವ ತಾರೀಖಿನ ಕಾಗದದ ಫಲಕ ಮುದ್ರಿಸುವ ಪ್ರೋಗ್ರಾಂ ಬರೆದವಳು ನಾನೇ. ವರ್ಷ, ತಿಂಗಳು, ದಿನ, ಕೊನೆಗೆ ಪಂಚಾಂಗದಲ್ಲಿ ಆ ದಿನಕ್ಕಿರುವ ಹೆಸರು: ಹೀಗೇ ಬರಬೇಕು ಅಂತ ಒಂದು ಸಾಲು ಬರೆದಿದ್ದೆ. ತೊಮೊಬಿಕಿ ಅನ್ನುವ ದಿನ ಸತ್ತವರು ಗೆಳೆಯರನ್ನೂ ಎಳೆದೊಯ್ಯುತ್ತಾರೆ. ನಮ್ಮಲ್ಲಿ ಅವತ್ತು ಯಾರೂ ಹೆಣ ಎತ್ತುವುದಿಲ್ಲ.

ಮಾಲೀಕ ಕುರಮೋಚಿಗೆ ಅವತ್ತೇ ತನ್ನ ಹಳೇ ಗೆಳೆಯ ಒನೊದೆರನ ಹೆಣ ಸಾಗಿಸುವ ಅವಸರ.

"ಆ ದಿನದ ಹೆಸರು ಕಿತ್ತಾಕು. ಸಂಬಳ ಕೊಡೋನು ನಾನು, ಪಂಚಾಂಗ ಅಲ್ಲ!"

"ಹೆಸರು ಅಳಿಸ್ತೀನಿ ಯಜಮಾನ್ರೇ. ದಿನ ಅಳಿಸಕ್ಕಾಗಲ್ಲ."

ಅಳಿಸಿದೆ. ಮುದ್ರಿಸಿದರೆ ತೊಮೊಬಿಕಿ ಅಂತಲೇ ಬಂತು. ಸಾಲು ತೆರೆದು ತೋರಿಸಿದೆ: ವರ್ಷ, ತಿಂಗಳು, ದಿನ, ಅಷ್ಟೇ. ಮತ್ತೆ ಮುದ್ರಿಸಿದರೂ ಅದೇ. ಯಂತ್ರದಿಂದ ಬಿಸಿಯಾಗಿ ಬರಬೇಕಾದ ಕಾಗದ ಮಂಜಿನಂತೆ ಕೊರೆಯುತ್ತಿತ್ತು.

"ನನ್ನನ್ನೇ ಆಡಿಸ್ತೀಯಾ? ಫಲಕಾನೇ ಬೇಡ, ನಾನೇ ಹೊರಡಿಸ್ತೀನಿ!" ಕುರಮೋಚಿ ಕಾಗದ ಹರಿದೆಸೆದು, ಬಾಗಿಲಲ್ಲಿ ಶೂ ಕಳಚಿ ಹೆಣದ ಕೋಣೆಗೆ ನುಗ್ಗಿದ. ಅದಕ್ಕೆ ಇನ್ನೊಂದು ಬಾಗಿಲಿಲ್ಲ.

ಅವನು ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಒಳಗೂ ಇರಲಿಲ್ಲ.

ಶೂ ಇನ್ನೂ ಅಲ್ಲೇ ಇವೆ. ತೊಮೊಬಿಕಿ ದಿನ ಕೈಯಿಟ್ಟರೆ ಒಳಗೆ ಬೆಚ್ಚಗಿರುತ್ತದೆ, ಈಗ ತಾನೇ ಕಳಚಿದ ಹಾಗೆ.