ಕಳುವಾದ ಬಳೆಯ ಸದ್ದು

ಗುರುವಾರ ಬೆಳಿಗ್ಗೆ ಗಂಗಾಂಬಿಕಾ ಅವರ ಬಳೆಯ ಸದ್ದು ಕಳುವಾಗಿತ್ತು.

ಸಿ.ಡಿ. ಇತ್ತು, ಹಾಡೂ ಇತ್ತು. ತೀರಿಕೊಳ್ಳುವ ಹಿಂದಿನ ವರ್ಷ, ಎರಡು ಸಾವಿರದ ಒಂದರಲ್ಲಿ, ಆಕೆ ಹಾಡಿದ ವಚನಗಳು. ಆದರೆ ತೊಡೆ ತಟ್ಟಿ ತಾಳ ಹಾಕುವಾಗ ಗಲ್ ಎನ್ನುತ್ತಿದ್ದ ಗಾಜಿನ ಬಳೆಗಳು ಮಾಯ! ಗಂಡ ಶಾಂತವೀರಪ್ಪ ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದರು. ಇಲ್ಲ.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸಿ ಮುಪ್ಪಾದ ಜೀವ ಅದು. ಹೆಂಡತಿಯ ಹಾಡಿಗೆಂದೇ ಬೆಂಗಳೂರಿನಿಂದ ಎರಡು ದುಬಾರಿ ಸಿ.ಡಿ. ಪ್ಲೇಯರ್ ತರಿಸಿದ್ದರು — ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ್ದು. ವಾರವಿಡೀ ಮನೆಯಲ್ಲೇ ಕೇಳಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಸೋಮವಾರ ಕಪ್ಪು ಪ್ಲೇಯರಿಗೆ ಹಾಕಿದಾಗ, ಹಿಂದೆಂದೂ ಕೇಳಿರದ ಬಳೆ ಮೊದಲ ಸಲ ನುಡಿಯಿತು. ಅಂದಿನಿಂದ ಮೂರು ದಿನ ಅವರು ಆರಾಮ ಕುರ್ಚಿ ಬಿಟ್ಟು ಏಳಲಿಲ್ಲ. ಕಣ್ಣು ಮುಚ್ಚಿದರೆ ಆಕೆ ಎದುರಿಗೇ ಕೂತಂತೆ. ಎಚ್ಚರವೋ ಕನಸೋ, ಯಾರಿಗೆ ಬೇಕಿತ್ತು?

ಈಗ ಬೆಳ್ಳಿ ಪ್ಲೇಯರಿಗೆ ಹಾಕಿದರೂ ಬಳೆ ಇಲ್ಲ. ಮುದುಕರಿಗೆ ಎರಡನೆಯ ಸಲ ಹೆಂಡತಿಯನ್ನು ಕಳೆದುಕೊಂಡಂತಾಯಿತು.

"ಲೇ ವೀರೇಶ, ನಿನ್ನೆ ಸಂಜೆ ಕಪ್ಪು ಪೆಟ್ಟಿಗೆ ಬಿಚ್ಚಿದ್ದು ನೀನೇ. ಒಳಗಿನ ಸಾಮಾನು ಬದಲಾಯಿಸಿದೆಯೇನೋ?"

ಕರೆ ಹೋದೊಡನೆ ಓಡಿ ಬಂದಿದ್ದ, ಪ್ಲೇಯರ್ ತಂದುಕೊಟ್ಟ ಅಂಗಡಿಯ ಹುಡುಗ ವೀರೇಶನ ಮುಖ ಬಿಳಿಚಿತು. "ಇಲ್ರೀ ಯಜಮಾನ್ರೇ, ಲೆನ್ಸ್ ಒರೆಸಿದೆ ಅಷ್ಟೇ! ಅಂಗಡೀಲಿ ಹೇಳಿದ್ರೆ ನನ್ನ ಕೆಲಸ ಹೋಗ್ತೈತ್ರೀ."

ಅಷ್ಟರಲ್ಲಿ ಬಾಗಿಲಲ್ಲಿ ಮೊಳಕಾಲ್ಮೂರಿನ ಓಬಣ್ಣ. ರೇಷ್ಮೆ ಸೀರೆ ನೇಯುವವನು, ಹಳೆಯ ಗೆಳೆಯ. ದೂರು ಕೇಳಿದ. ಪ್ಲೇಯರುಗಳತ್ತ ಕಣ್ಣೂ ಹಾಯಿಸದೆ, ಪಡಸಾಲೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಗೋಡೆಗಳು ಗೊಂಯ್ ಎಂದವು.

"ಸರೇ ಸರೇ..." ಎನ್ನುತ್ತ ಬಗ್ಗಿ, ಸ್ಪೀಕರಿನ ಕಾಲಡಿಯಿಂದ ಏನನ್ನೋ ಹೆಕ್ಕಿ ತೆಗೆದ. "ಸಾವ್ಕಾರ್ರೇ, ಸೋಮವಾರ ಮನೇಲಿ ಏನಿತ್ತು?"

"ಸ್ವಾಮಿಗಳ ಪಾದಪೂಜೆ. ಅದಕ್ಕೂ ಇದಕ್ಕೂ ಏನಪ್ಪಾ ಸಂಬಂಧ?"

"ಅವರನ್ನ ಯಾವುದರ ಮೇಲೆ ಕೂರಿಸಿದ್ರಿ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಗಂಗಾಂಬಿಕಾ ತೀರಿಕೊಂಡಾಗಿನಿಂದ ತಮ್ಮನ ಮನೆ ನೋಡಿಕೊಳ್ಳುತ್ತಿದ್ದ ಅಕ್ಕ ಕೊಟ್ರಮ್ಮ ಸೆರಗು ಸರಿಪಡಿಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

ಓಬಣ್ಣ ಅಂಗೈ ಚಾಚಿದ. ಅಲ್ಲಿ ಕಪ್ಪು ಉಣ್ಣೆಯ ಒಂದು ಎಳೆ.

"ಗೋಡೆಯಿಂದ ಗೋಡೆಗೆ ಕಂಬಳಿ ಹಾಸಿದ್ರು. ಸ್ಪೀಕರೂ ಅದರ ಅಂಚಿನ ಮ್ಯಾಲೇ ಇತ್ತು. ಎಳೆದು ತೆಗೆದಾಗ ಎಳೆ ಸಿಕ್ಕಿಕೊಂಡೈತೆ. ಕಣ್ಮುಚ್ಚಿ ಕೂತೋರಿಗೆ ನೆಲ ಎಲ್ಲಿ ಕಾಣ್ಬೇಕು? ನಮ್ಮ ಮಗ್ಗದ ಮನೇಲೂ ಹಿಂಗೇ. ಗೋಡೆ ತುಂಬ ನೂಲಿನ ಲಡಿ ತೂಗಿದ್ರೆ ಎಳೆ ಕಡಿದ ಸದ್ದೂ ಕೇಳ್ತೈತೆ. ಲಡಿ ಖಾಲಿಯಾದ್ರೆ ಗೋಡೆ ಗೊಂಯ್ ಅಂತೈತೆ, ಸಣ್ಣದೆಲ್ಲ ಅದರಲ್ಲಿ ಮುಳುಗೋಗ್ತೈತೆ. ನೀವು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೀರಿ. ಅಲ್ವೇನ್ರೀ ಕೊಟ್ರಕ್ಕಾ?"

ಕೊಟ್ರಮ್ಮ ಮುಂದೆ ಬಂದರು. "ಹೂಂ, ಕಳ್ಳಿ ನಾನೇ. ಸ್ವಾಮಿಗಳು ಕೂತ ಕಂಬಳಿ ತುಳೀಬಾರ್ದು ಅಂತ ನಿನ್ನೆ ಸಂಜೆ ಸುತ್ತಿ ಅಟ್ಟಕ್ಕೆ ಹಾಕ್ದೆ. ಆಮೇಲೆ ನನ್ನ ದನೀನೇ ಪಡಸಾಲೇಲಿ ಗೊಂಯ್ ಅಂತು. ಬೆಳಿಗ್ಗೆ ನೀನು ಬಳೆ ಹೋಯ್ತು ಅಂದಾಗ ತಿಳೀತು."

"ತಿಳಿದೂ ಸುಮ್ನಿದ್ಯಾ ಅಕ್ಕಾ?"

"ಮೂರು ದಿನ ಬರೀ ಹಾಲು ಕುಡ್ಕೊಂಡು ಕೂತಿದ್ದೆಯಲ್ಲೋ ತಮ್ಮಾ! ಸದ್ದು ಹೋದ ಮೇಲೇ ಎದ್ದು ಬಂದು ಒಂದು ರೊಟ್ಟಿ ಮುರ್ದೆ. ಹೋದೋಳು ಹೋದ್ಲು, ನಿನ್ನನ್ನೂ ಕಳ್ಕೊಳ್ಳೋ ಶಕ್ತಿ ನನಗಿಲ್ಲ. ಈ ಹುಡುಗನ ಮ್ಯಾಲೆ ಅಪವಾದ ಬರ್ತೈತೆ ಅಂತ ಹೊಳೀಲಿಲ್ಲ, ಅದು ನನ್ನ ತಪ್ಪು."

ಶಾಂತವೀರಪ್ಪ ವೀರೇಶನ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತಪ್ಪ" ಎಂದರು.

ಕಂಬಳಿ ಮತ್ತೆ ಹಾಸಿದರು. ಬೆಳ್ಳಿ ಪ್ಲೇಯರಿನಲ್ಲಿ ಬಳೆ ಗಲ್ ಎಂದಿತು. ಕಪ್ಪಿನಲ್ಲೂ ಗಲ್ ಎಂದಿತು. ಕಪ್ಪಿನಲ್ಲಿ ಮಾತ್ರ, ಜೊತೆಗೆ ಪ್ರತಿ ಸಾಲಿನ ಮುನ್ನ ಆಕೆ ಎಳೆದುಕೊಳ್ಳುವ ಉಸಿರು.

"ಕಪ್ಪೇ ಇರಲಿ," ಎಂದರು ಶಾಂತವೀರಪ್ಪ, ಕಣ್ಣು ತೆರೆಯದೆ.

"ಇರಲಿ. ಆದ್ರೆ ಒಂದು ಕರಾರು," ಎಂದರು ಕೊಟ್ರಮ್ಮ. "ಹಾಡು ಮುಗಿದ ಮ್ಯಾಲೆ ಕಂಬಳಿ ಸುತ್ತೋನು ನೀನೇ. ಸುತ್ತಿಟ್ಟು ಊಟಕ್ಕೆ ಬರ್ಬೇಕು."

ಹಾಡು ಮುಗಿಯಿತು. ಶಾಂತವೀರಪ್ಪ ಎದ್ದು, ಕಂಬಳಿ ಸುತ್ತಿಟ್ಟು, ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂತರು. ಮುದ್ದೆ ಇಡಲು ಬಗ್ಗಿದ ಅಕ್ಕನ ಕೈಬಳೆಗಳು ಗಲ್ ಎಂದವು. ಒಂದೂವರೆ ವರ್ಷದಿಂದ ದಿನಾ ಎರಡು ಹೊತ್ತು ಆ ಸದ್ದು ಅಲ್ಲೇ ಇತ್ತು. ಅವರು ಅದನ್ನು ಕೇಳಿಸಿಕೊಂಡದ್ದು ಅವತ್ತೇ.