ಆರು ಹೆಸರುಗಳ ಪಟ್ಟಿ

"ಈ ಪಟ್ಟಿ ಯಾರ ಮಾಡ್ಯಾರ?"

ಬಾಗಿಲು ದಬ್ಬಿಕೊಂಡು ಒಳಗೆ ಬಂದವನ ದನಿಗೆ ದಾನೇಶ್ವರಿಯ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತುಬಿಟ್ಟವು.

ಎತ್ತರದ ಆಳು. ಅಂಗಿಯ ತೋಳಿಗೆಲ್ಲ ಗ್ರೀಸು. ನಿದ್ದೆಯಿಲ್ಲದ ಕೆಂಪು ಕಣ್ಣು. ಕೈಯಲ್ಲಿ ಬೆವರಿಗೆ ಒದ್ದೆಯಾಗಿದ್ದ ಒಂದು ಹಾಳೆ.

"ನಾನ... ನಾನ ಮಾಡೇನ್ರಿ. ಯಾಕ್ರಿ?"

"ಯಾಕ? ಅಲ್ಲಿ ದವಾಖಾನ್ಯಾಗ ನನ್ನ ತಂಗಿ ಸಾಯಾಕತ್ತಾಳ! ಹೆರಿಗಿ ಆಗಿ ರಕ್ತ ನಿಂದ್ರವಲ್ದು. ಓ ನೆಗೆಟಿವ್ ಬೇಕು. ನಿಮ್ಮ ಕಂಪ್ಯೂಟರ್ ಸುತ್ತಲಿನ ಊರಾಗಿನ ಆರು ಹೆಸರು ಕೊಟ್ಟತು. ಹೂವಿನ ಹಿಪ್ಪರಗಿಯಿಂದ ಒಬ್ಬನ್ನ, ಇಂಗಳೇಶ್ವರದಿಂದ ಒಬ್ಬನ್ನ ಗಾಡಿ ಮ್ಯಾಲೆ ಹೊತಗೊಂಡು ಬಂದೆ. ಲ್ಯಾಬಿನ್ಯಾಗ ನೋಡಿದ್ರ... ಇಬ್ಬರದೂ ಓ ಪಾಸಿಟಿವ್!"

ದಾನೇಶ್ವರಿ ಆ ಹಾಳೆಗೆ ಕೈ ಚಾಚಿದಳು.

"ಹಂಗ ಆಗೂದಿಲ್ರಿ... ನಾ ಎಲ್ಲಾ ಸರಿ..."

"ನನ್ನ ತಂಗಿಗೆ ಏನರ ಆತಂದ್ರ ನಿಮ್ಮನ್ನ ಬಿಡೂದಿಲ್ಲ, ಹೇಳೇನಿ!"

ಅದು 2005ರ ಬೇಸಿಗೆ. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರು ಶಂಕ್ರೆಪ್ಪನವರ ಕಂಪ್ಯೂಟರ್ ಕೇಂದ್ರ. ಬಸವನ ಬಾಗೇವಾಡಿಯ ಹುಡುಗಿ ದಾನೇಶ್ವರಿ ಅಲ್ಲಿ ಕಲಿಸುತ್ತಿದ್ದಳು. ಆರು ತಿಂಗಳ ಹಿಂದೆ ರಕ್ತದಾನಿಗಳದೊಂದು ವೆಬ್‌ಸೈಟ್ ಕಟ್ಟಿದ್ದಳು. ಇಂಡಿ, ಸಿಂದಗಿ, ಬಾಗೇವಾಡಿಯ ಸೈಬರ್ ಅಂಗಡಿಗಳಲ್ಲಿ ಕುಳಿತು ಜನ ಹೆಸರು, ಊರು, ರಕ್ತದ ಗುಂಪು ತುಂಬುತ್ತಿದ್ದರು. ನೂರ ನಲವತ್ತು ಹೆಸರು! ಅವಳ ಅಪ್ಪ ಚನ್ನಬಸಯ್ಯ ಮಾಸ್ತರರು ಊರಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಈಗ ಆ ಸೈಟೇ ಅವಳ ಕೊರಳಿಗೆ ಬಂದಿತ್ತು.

"ಎಷ್ಟ್ ಹೊತ್ತು ಐತ್ರಿ?" ಅವಳು ಕೇಳಿದಳು.

"ಸಂಜಿಯೊಳಗ ಸಿಗಬೇಕಂತ. ಬಿಜಾಪುರದಾಗೂ ಇಲ್ಲಂತ, ಕೇಳಿಸೇನಿ." ಅವನ ಸಿಟ್ಟು ಒಮ್ಮೆಲೇ ಕುಸಿಯಿತು. ಬೆಂಚಿನ ಮೇಲೆ ಕುಕ್ಕರಿಸಿದ. "ಇಪ್ಪತ್ತೆರಡು ವರ್ಷ್ರಿ ಅಕಿಗೆ... ಗುರವ್ವ ಅಂತ."

ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ದಾನೇಶ್ವರಿ ಪರೀಕ್ಷೆಗೆಂದು ತನ್ನದೇ ಹೆಸರು ತುಂಬಿದಳು. ಗುಂಪು, ಎ ಪಾಸಿಟಿವ್. ಗುಂಡಿ ಒತ್ತಿದಳು. ಪಟ್ಟಿ ತೆರೆದು ನೋಡಿದಳು.

ದಾನೇಶ್ವರಿ, ಎ ನೆಗೆಟಿವ್!

ದೇವರೇ...

ಗುಂಪು ಗುರುತಿಸಲು ಅವಳು ಬರೆದ ಫಂಕ್ಷನ್, ಪ್ರೋಗ್ರಾಮಿನ ಆ ತುಣುಕು, ನಾಲ್ಕೇ ಸಾಲಿನದು. ಗುಂಪಿನ ಕೊನೆಯಲ್ಲಿ ಕೂಡಿಸುವ ಚಿಹ್ನೆ ಇದ್ದರೆ ಪಾಸಿಟಿವ್ ಎನ್ನುತ್ತಿತ್ತು, ಇಲ್ಲದಿದ್ದರೆ ನೆಗೆಟಿವ್. ಬಂದದ್ದೇನು, ಅದು ನಿಜಕ್ಕೂ ರಕ್ತದ ಗುಂಪೇ ಎಂದು ಅದು ಕೇಳುತ್ತಲೇ ಇರಲಿಲ್ಲ. ತುಂಬಿದ ಮಾಹಿತಿ ಹೋಗುತ್ತಿದ್ದುದು ವೆಬ್ ವಿಳಾಸದ ಬಾಲದಲ್ಲಿ. ವಿಳಾಸದಲ್ಲಿ ಕೂಡಿಸುವ ಚಿಹ್ನೆಯನ್ನು ಹಾಗೆಯೇ ಕಳಿಸಿದರೆ ಆಚೆ ಕಡೆ ಅದು ಖಾಲಿ ಜಾಗವಾಗಿಬಿಡುತ್ತದೆ. ಇದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬರೆಯುವಾಗ ನೆನಪಾಗಿರಲಿಲ್ಲ, ಅಷ್ಟೇ!

ಸೈಬರ್ ಅಂಗಡಿಗಳಿಂದ ಬಂದ ಪಾಸಿಟಿವ್‌ಗಳೆಲ್ಲ ನೆಗೆಟಿವ್ ಆಗಿ ಕುಳಿತಿದ್ದವು.

"ತಪ್ಪು ನಂದ ಐತ್ರಿ..." ಅವಳ ಕಣ್ಣಿನಿಂದ ನೀರು ಕೀಬೋರ್ಡಿನ ಮೇಲೆ ಬಿತ್ತು. "ನಂದ ತಪ್ಪು."

ಅವನು ಅವಳನ್ನೇ ನೋಡಿದ. ಬೈಯುತ್ತಾನೆಂದು ಅವಳು ಕಣ್ಣು ಮುಚ್ಚಿದಳು.

"ಅಳೂದು ಆಮ್ಯಾಲೆ," ಎಂದ ಅವನು. "ಖರೇ ನೆಗೆಟಿವ್ ಯಾರು, ಅದನ್ನ ಹುಡುಕ್ರಿ ಮೊದ್ಲ."

ಹುಡುಕುವುದು ಹೇಗೆ? ಪಟ್ಟಿಯೇ ಸುಳ್ಳು ಹೇಳುತ್ತಿದೆ... ಆಗ ಥಟ್ಟನೆ ಹೊಳೆಯಿತು. ಸೈಟ್ ಇರುವ ಸರ್ವರಿಗೆ ಬಂದ ಪ್ರತಿ ವಿಳಾಸವೂ ಅಲ್ಲಿ ಬಂದ ಹಾಗೆಯೇ ದಾಖಲಾಗಿರುತ್ತದೆ. ಫಂಕ್ಷನ್ ಮುಟ್ಟುವುದಕ್ಕೂ ಮೊದಲಿನ ರೂಪ!

ಟೆಲಿಫೋನ್ ತಂತಿಯ ಇಂಟರ್ನೆಟ್ಟು. ದಾಖಲೆ ಇಳಿಯುವುದಕ್ಕೆ ಅರ್ಧ ತಾಸು ಹಿಡಿಯಿತು. ನಡುವೆ ಕರೆಂಟ್ ಒಮ್ಮೆ ಮಿಟುಕಿದಾಗ ಇಬ್ಬರೂ ಒಟ್ಟಿಗೇ ಎದ್ದು ನಿಂತರು. ಬ್ಯಾಟರಿ ಕೀ ಎಂದು ಕೂಗಿತು. ಕರೆಂಟ್ ಮತ್ತೆ ಬಂತು.

ಸಾವಿರಾರು ಸಾಲು. ಅದರಲ್ಲಿ ಓ ಗುಂಪಿಗೆ ಕಳೆಯುವ ಚಿಹ್ನೆ ಇದ್ದದ್ದು ಎರಡೇ ಸಾಲು.

ಮೊದಲನೆಯದು ಇಂಡಿಯ ಹೆಸರು. ಫೋನ್ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ...

ಎರಡನೆಯದು ತಾಳಿಕೋಟೆಯ ಜೈತುನಬಿ. ಹೊಲಿಗೆ ಕೆಲಸದಾಕೆ. ಪಕ್ಕದ ಮನೆಯವರ ಫೋನಿಗೆ ಕರೆ ಹೋಯಿತು. ಕರೆಯಲು ಹೋದವರು ಬರುವವರೆಗೆ ದಾನೇಶ್ವರಿ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಳು.

"ಹಲೋ... ಓ ನೆಗೆಟಿವ್ ನಂದ ಐತವ್ವ. ಎರಡ ಸಲ ಕೊಟ್ಟೇನಿ. ಗಾಡಿ ಕಳಸ್ರಿ, ಬರ್ತೇನಿ."

ಅವನು ಆಗಲೇ ಹೊಸ್ತಿಲು ದಾಟಿದ್ದ. ಹೊರಗೆ ಬೈಕಿನ ಸದ್ದು ದೂರವಾಯಿತು. ಅವನ ಹೆಸರೇನೆಂದು ಕೇಳುವುದಕ್ಕೂ ಆಗಿರಲಿಲ್ಲ.

ಅವಳು ಕೇಂದ್ರಕ್ಕೆ ಕೀಲಿ ಹಾಕಿ ದವಾಖಾನೆಗೆ ಓಡಿದಳು. ಯಾರೂ ಅವಳನ್ನು ಕರೆದಿರಲಿಲ್ಲ. ಆದರೆ ಬೇರೆಲ್ಲಿ ಕೂರಲು ಸಾಧ್ಯವಿತ್ತು? ವಾರ್ಡಿನ ಹೊರಗಿನ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕುಳಿತಳು. ಒಳಗಿನಿಂದ ಕೂಸಿನ ಅಳು ಕೇಳಿಸಿತು. ತಾಯಿಯ ದನಿ ಮಾತ್ರ ಕೇಳಿಸಲಿಲ್ಲ.

ಇದೂ ತಪ್ಪಾಗಿದ್ದರೆ? ಜೈತುನಬಿಯದೂ ಹೊಂದದಿದ್ದರೆ?

ಎರಡು ಗಂಟೆಗೆ ಬೈಕು ಬಂತು. ಲ್ಯಾಬಿನ ಬಾಗಿಲು ಮುಚ್ಚಿತು, ತೆರೆಯಿತು. ಹೊಂದಿತು ಎಂದು ಯಾರೋ ಅಂದರು. ಜೈತುನಬಿ ಮಂಚದ ಮೇಲೆ ಮಲಗಿ ಕೈ ಚಾಚಿದಳು.

ನಾಲ್ಕೂವರೆಗೆ ಅವನು ಹೊರಗೆ ಬಂದ. ಗೋಡೆಗೆ ಒರಗಿ, ಅವಳತ್ತ ನೋಡದೆಯೇ ಹೇಳಿದ.

"ಉಳದ್ಲು."

ದಾನೇಶ್ವರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಅವನು ಒಂದು ಲೋಟ ನೀರು ತಂದು ಬೆಂಚಿನ ಮೇಲಿಟ್ಟ.

ಮಾರನೆಯ ದಿನವೇ ಅವಳು ಸೈಟ್ ಬಂದ್ ಮಾಡಿದಳು. ಫೋನ್ ಸದ್ದಾದರೆ ಬೇರೆಯವರಿಗೆ ಎತ್ತಲು ಹೇಳುತ್ತಿದ್ದಳು. ಹುಡುಗರಿಗೆ ಪಾಠ ಹೇಳುವಾಗಲೂ ಒಂದು ಸಾಲನ್ನು ನಾಲ್ಕು ಸಲ ನೋಡುತ್ತಿದ್ದಳು.

ವಾರ ಕಳೆದ ಮೇಲೆ ಅವನು ಮತ್ತೆ ಬಂದ. ದಾನೇಶ್ವರಿ ಬೆಚ್ಚಿ ಎದ್ದು ನಿಂತಳು.

"ಅಂಜಬ್ಯಾಡ್ರಿ. ನಾ ಸಂಗಮೇಶ. ಸಿಂದಗಿಯವ, ತಂಗೀನ ಈ ಊರಿಗೆ ಕೊಟ್ಟೇವಿ. ಬೋರಿನ ಪಂಪು ರಿಪೇರಿ ಮಾಡ್ತೇನಿ." ತಲೆ ಕೆರೆದುಕೊಂಡ. "ಆ ನೂರಾ ನಲವತ್ತು ಹೆಸರು ಕೊಡ್ರಿ. ಹೆಂಗೂ ಹೊಲಾ ಹೊಲಾ ತಿರಗ್ತೇನಿ. ಒಬ್ಬೊಬ್ಬರ ರಕ್ತದ ಗುಂಪಿನ ಕಾರ್ಡ್ ಕಣ್ಣಿಲೆ ನೋಡಿ ಬರ್ಕೊಂಡ್ ಬರ್ತೇನಿ."

"ನೀವ್ಯಾಕ್ರಿ...?"

"ಆ ಪಟ್ಟಿ ಇಲ್ಲಂದಿದ್ರ ಜೈತುನಬಿ ನಮಗ ಹೆಂಗ ಸಿಗತಿದ್ಲು?"

ಇಷ್ಟು ದಿನದಲ್ಲಿ ಯಾರೂ ಅವಳಿಗೆ ಹೇಳದಿದ್ದ ಮಾತು ಅದು!

ಅಂದಿನಿಂದ ಪ್ರತಿ ಸೋಮವಾರ ಅವನು ಬರುತ್ತಿದ್ದ. ಧೂಳು ಹತ್ತಿದ ಹಾಳೆಗಳಲ್ಲಿ ಹೆಸರು, ಗುಂಪು, ಎದುರಿಗೆ ಕಾರ್ಡ್ ನೋಡಿದ ಗುರುತಿಗೆ ಒಂದು ಗೆರೆ. ಅವಳು ಹೊಸ ಫಂಕ್ಷನ್‌ಗಳನ್ನು ಬರೆಯುತ್ತಿದ್ದಳು. ಗುಂಪು ಎಂಟರಲ್ಲಿ ಒಂದಲ್ಲವೇ, ನಿಲ್ಲು. ಫೋನ್ ಸಂಖ್ಯೆ ಖಾಲಿಯೇ, ನಿಲ್ಲು. ವಿಳಾಸಕ್ಕೆ ಸೇರುವ ಪ್ರತಿ ಚಿಹ್ನೆಯೂ ಮೊದಲು ಸುರಕ್ಷಿತ ರೂಪಕ್ಕೆ ಬದಲಾಗಬೇಕು.

"ಏನ್ ಬರೀತೀರ್ರಿ ಇಷ್ಟಗೊಂಡು?"

"ಏನ ಬಂದ್ರೂ ಒಳಗ ಬಿಡೂ ಮೊದ್ಲ ವಿಚಾರಸೂ ಫಂಕ್ಷನ್‌ರಿ."

"ಹಂಗಂದ್ರ ನಮ್ಮ ಅವ್ವನಂಗ!"

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ! ನಕ್ಕದ್ದು ಅವಳಿಗೇ ಕೇಳಿಸಿ ಗಾಬರಿಯಾಯಿತು. ಸೋಮವಾರ ಬರುವುದನ್ನು ತಾನು ಕಾಯುತ್ತಿದ್ದೇನೆಯೇ? ಯಾರ ತಂಗಿಯನ್ನು ಸಾವಿನ ಬಾಗಿಲಿಗೆ ತಳ್ಳಿದೆನೋ, ಅವನನ್ನು?

ಐದನೆಯ ಸೋಮವಾರ ಸಂಗಮೇಶ ಚೀಲವನ್ನು ಮೇಜಿನ ಮೇಲಿಟ್ಟು ಚಹಾ ತರಲು ಹೋಗಿದ್ದ. ಅವಳು ಹಾಳೆಗಳನ್ನು ಹೊರಗೆಳೆದಳು. ಒಂದು ಹಾಳೆ ಮಗುಚಿ ಬಿತ್ತು.

"ಆರೋಗ್ಯ ಅಧಿಕಾರಿಗಳಿಗೆ... ಮುದ್ದೇಬಿಹಾಳದ ಕಂಪ್ಯೂಟರ್ ಕೇಂದ್ರದಲ್ಲಿ ರಕ್ತದಾನಿಗಳ ಪಟ್ಟಿ ಮಾಡಿದವರ ಬೇಜವಾಬ್ದಾರಿಯಿಂದ ನನ್ನ ತಂಗಿಯ ಜೀವಕ್ಕೆ... ಕಠಿಣ ಕ್ರಮ ಕೈಗೊಳ್ಳಬೇಕಾಗಿ..."

ಕೆಳಗೆ ಅವನ ಸಹಿ.

ಅಕ್ಷರಗಳು ಕಣ್ಣ ಮುಂದೆ ತೇಲಿದವು. ಹಾಗಾದರೆ ಇಷ್ಟು ದಿನ ಬಂದದ್ದು ಇದಕ್ಕೇ? ನೂರ ನಲವತ್ತು ಮಂದಿಯಿಂದ ಸಾಕ್ಷಿ ಕೂಡಿಸಲಿಕ್ಕೆ? ಪೊಲೀಸರು ಬಾಗೇವಾಡಿಯ ಮನೆಯ ಮುಂದೆ ನಿಂತಂತೆ, ಅಪ್ಪ ತಲೆ ತಗ್ಗಿಸಿದಂತೆ ಕಣ್ಣಿಗೆ ಕಟ್ಟಿತು.

ಸಂಗಮೇಶ ಚಹಾ ಹಿಡಿದು ಬಂದಾಗ ಅವಳು ಚಪ್ಪಲಿ ಮೆಟ್ಟುತ್ತಿದ್ದಳು.

"ಏನಾತ್ರಿ?"

"ನಿಮಗ ಬೇಕಾದ್ದೆಲ್ಲ ಬರಕೊಂಡೀರಲ್ಲ? ಕಳಸ್ರಿ. ನನ್ನ ಮುಂದ ಮಾತ್ರ ಮತ್ತ ಬರಬ್ಯಾಡ್ರಿ!"

ಬಾಗೇವಾಡಿಯ ಬಸ್ಸು ಹತ್ತಿದವಳು ತಿರುಗಿ ನೋಡಲಿಲ್ಲ. ಹಿಂದೆ ಓಡಿ ಬರುತ್ತಿದ್ದವನ ಕೂಗು ಬಸ್ಸಿನ ಸದ್ದಿನಲ್ಲಿ ಮುಳುಗಿತು.

ಎಂಟು ದಿನ. ಬಾಗಿಲು ಬಡಿದರೆ ಒಳಮನೆಗೆ ಹೋಗುತ್ತಿದ್ದಳು. ಖಾಕಿ ಬಟ್ಟೆ ಕಂಡರೆ ಕಿಟಕಿ ಮುಚ್ಚುತ್ತಿದ್ದಳು. ಅಂಚೆಯವನದಾಗಿದ್ದರೂ ಸರಿ. ಅಪ್ಪ ಕೇಳಿದರೆ ತಲೆನೋವು ಎನ್ನುತ್ತಿದ್ದಳು.

ಒಂಬತ್ತನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಹೆಣ್ಣುದನಿ ಕೇಳಿಸಿತು.

"ದಾನೇಶ್ವರಕ್ಕ ಇದ್ದಾರೇನ್ರಿ?"

ಬಿಳಿಚಿದ ಮುಖದ ಹೆಂಗಸು. ಕಂಕುಳಲ್ಲಿ ದುಪಟಿ ಸುತ್ತಿದ ಕೂಸು. ಅವಳ ಹಿಂದೆ, ಬೇಲಿಯಾಚೆ, ಬೈಕಿಗೆ ಒರಗಿ ನೆಲ ನೋಡುತ್ತ ನಿಂತ ಸಂಗಮೇಶ!

ಗುರವ್ವ... ದಾನೇಶ್ವರಿ ಕಂಬ ಹಿಡಿದುಕೊಂಡಳು. "ನನ್ನ ಕ್ಷಮಾ ಮಾಡವ್ವ... ನನ್ನಿಂದ..."

"ಯಾತಕ್ಕ? ಹೊತಗೋರಿ ಮೊದ್ಲ ಇದನ್ನ." ಗುರವ್ವ ಕೂಸನ್ನು ಅವಳ ಕೈಗೆ ಇಟ್ಟೇಬಿಟ್ಟಳು. "ನಮ್ಮಣ್ಣ ಮೂರು ಸಲ ಬಾಗೇವಾಡಿ ತನಕ ಬಂದು ಹೊಳ್ಳಿ ಹೋಗ್ಯಾನ. ಕರೆಂಟ್ ವೈರ್ ಹಿಡ್ಯಾಂವ, ನಿಮ್ಮ ಮನಿ ಮುಂದ ನಿಂದ್ರಾಕ ಅಂಜತಾನ. ಅದಕ್ಕ ನಾನ ಎಳಕೊಂಡ್ ಬಂದೆ!"

ಕೂಸು ಬಿಸಿಯಾಗಿತ್ತು. ಹಗುರವಾಗಿತ್ತು. ಅದು ಮುಷ್ಟಿಯಲ್ಲಿ ಅವಳ ಸೆರಗು ಹಿಡಿದುಕೊಂಡಾಗ ದಾನೇಶ್ವರಿಗೆ ತಡೆಯಲಾಗಲಿಲ್ಲ. ಅತ್ತೇಬಿಟ್ಟಳು.

ಚನ್ನಬಸಯ್ಯ ಮಾಸ್ತರರು ಹೊರಗೆ ಬಂದು, ಏನೂ ತಿಳಿಯದೆ, "ಬಾ ತಂಗಿ, ಒಳಗ ಕೂಡು, ಬಿಸಿಲು," ಎಂದು ಗುರವ್ವನನ್ನೂ ಕೂಸನ್ನೂ ಕರೆದುಕೊಂಡು ಹೋದರು.

ಸಂಗಮೇಶ ಬೇಲಿ ದಾಟಿ ಬಂದ. ಹಾಳೆಯನ್ನು ಚಾಚಿದ.

"ಓದಿದ ಬಾಜು ಬಿಟ್ಟು ಇನ್ನೊಂದ ಬಾಜು ನೋಡ್ರಿ."

ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹದಿನಾಲ್ಕು ಹೆಸರು, ಗುಂಪು, ಗೆರೆ.

"ಅವತ್ತ ಹಾದ್ಯಾಗ, ನಿಮ್ಮ ಕಡೆ ಬರೂ ಮೊದ್ಲ, ಸಿಟ್ಟಿನ ಭರದಾಗ ಬರದಿದ್ದೆ. ಸುಳ್ಳು ಹೇಳೂದಿಲ್ಲ. ಆದ್ರ ನೀವು 'ನಂದ ತಪ್ಪು' ಅಂದ್ರಲ್ಲ... ಹಂಗ ಅನ್ನಾಂವ್ರನ್ನ ನಾ ನೋಡೇ ಇಲ್ಲ. ಕಳಸಾಕ ಮನಸ ಬರಲಿಲ್ಲ. ಚೀಲದಾಗ ಹಂಗ ಬಿತ್ತು. ಹಿಪ್ಪರಗ್ಯಾಗ ಹಾಳಿ ತೀರಿತು, ಇದರ ಹಿಂದ ಬರ್ಕೊಂಡೆ. ಮರ್ತೇಬಿಟ್ಟಿದ್ದೆ ಅದನ್ನ."

ದಾನೇಶ್ವರಿ ಹಾಳೆಯನ್ನು ತಿರುವಿ ತಿರುವಿ ನೋಡಿದಳು. ಎಂಟು ದಿನದ ಹೆದರಿಕೆ ಎದೆಯಿಂದ ಇಳಿಯಲು ತುಸು ಹೊತ್ತು ಬೇಕಾಯಿತು.

"ನಂಗ ನಿಮ್ಮದಷ್ಟ ಅಂಜಿಕಿ ಅಲ್ರಿ," ಮೆಲ್ಲಗೆ ಹೇಳಿದಳು. "ನನ್ನ ಕೈದ ಅಂಜಿಕಿ. ಮತ್ತೇನರ ತಪ್ಪಿದ್ರ?"

"ತಪ್ಪಬಹುದ್ರಿ. ನಿನ್ನೆ ಇಂಡಿಯಿಂದ ಯಾರೋ ಬಿ ನೆಗೆಟಿವ್ ಕೇಳಿ ಶಂಕ್ರೆಪ್ಪನವರಿಗೆ ಫೋನ್ ಮಾಡಿದ್ರಂತ. ಸೈಟ್ ಬಂದ್ ಐತಿ ಅಂದ್ರಂತ ಅವರು." ಅವನು ನಿಟ್ಟುಸಿರು ಬಿಟ್ಟ. "ಆಮ್ಯಾಲೆ ಎಲ್ಲೋ ಸಿಕ್ಕತಂತ, ಬಿಡ್ರಿ. ಆದ್ರ..."

ಅವಳು ಹಾಳೆಯನ್ನು ಜೋಪಾನವಾಗಿ ಮಡಿಸಿದಳು.

"ನಾಳೆ ಮುಂಜಾನೆ ಬಸ್ಸಿಗೆ ಬರ್ತೇನಿ. ನೂರಾ ನಲವತ್ತೂ ಮತ್ತೊಮ್ಮೆ ನೋಡೂಣು. ನೀವು ಓದ್ರಿ, ನಾ ಹೊಂದಿಸ್ತೇನಿ. ಸಂಜಿಗೆ ಸೈಟ್ ಚಾಲೂ ಮಾಡೂಣು."

"ನಾ ಬಾಜೂಕ ಕುಂಡರ್ಲೇನ್ರಿ?"

"ಕುಂಡರ್ರಿ."

ಅವನು ಹೋಗಲಿಲ್ಲ. ಗ್ರೀಸು ಹತ್ತಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ಒಳಬಾಗಿಲ ಕಡೆ ನೋಡಿದ.

"ನಿಮ್ಮ ಅಪ್ಪಾರ ಸಂಗಟ... ಒಂದು ಮಾತು ಕೇಳಬೇಕಂತ ಮಾಡೇನ್ರಿ. ನಿಮ್ಮ ಸಲುವಾಗಿ. ಕೇಳ್ಲೇನ್ರಿ?"

ಈ ಸಲ ದಾನೇಶ್ವರಿ ಒಳಮನೆಗೆ ಓಡಲಿಲ್ಲ.

"ಮೊದ್ಲ ನನ್ನ ಕೇಳ್ರಿ," ಎಂದಳು.

ಸಂಗಮೇಶ ಬೆವರಿದ.

"ನನ್ನ ಸಂಗಟ... ಇರ್ತೀರೇನ್ರಿ? ಕಡೀತನಕ?"

"ಇರ್ತೇನಿ." ಅವಳು ಅವನ ಕಣ್ಣನ್ನೇ ನೋಡಿದಳು. "ಇನ್ನ ಒಳಗ ಬರ್ರಿ. ಅಪ್ಪಾ ಚಹಾಕ್ಕ ಇಟ್ಟಾರ."